ಮೂಡಲ ಗೋಡೆಯ ಓರೆಹಕ್ಕಿಗಳು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಉಪ್ಪಿನಕಾಯಿಯ ದಾಕ್ಷಾಯಣಮ್ಮ. ಹೇಳಿದ ಕಾಲ, ಮಾವಿನಕಾಯಿ ಮುಗಿದು ನಿಂಬೆ ಇನ್ನೂ ಬಾರದ ಬಿಡುವಿನ ದಿನಗಳಲ್ಲಿ ಒಂದು ಗುರುವಾರದ ಸಂಜೆ. ಸ್ಥಳ, ಅವರ ಮನೆಗೂ ಹಗ್ಗದ ಕೊಟ್ರಪ್ಪನವರ ಮನೆಗೂ ಸೇರಿದ ಉದ್ದನೆಯ ಅಂಗಳ. ಇದೇ ಕಥೆಯನ್ನು ಆಮೇಲೆ ಊರಿನ ಬೇರೆ ಬಾಯಿಗಳಿಂದಲೂ ಕೇಳಿದ್ದೇನೆ. ಒಡೆದದ್ದು ಮಾವಿನ ಭರಣಿ ಎಂದು ಕೆಲವರು, ನೆಲ್ಲಿಕಾಯಿಯದು ಎಂದು ಕೆಲವರು. ಜಗಳ ಒಂದು ಮಳೆಗಾಲ ನಡೆಯಿತೆಂದು ಒಬ್ಬರಾದರೆ, ಆ ವರ್ಷ ಮಳೆಯೇ ಆಗಲಿಲ್ಲವೆಂದು ಇನ್ನೊಬ್ಬರು. ದಾಕ್ಷಾಯಣಮ್ಮ ಹೇಳುವಾಗ ಕಥೆಯೊಳಗಿನ ಇಬ್ಬರೂ, ಅಂದರೆ ಕೊಟ್ರಪ್ಪನವರೂ ಅವರ ಹೆಂಡತಿ ನಿಂಬವ್ವನವರೂ, ಎದುರಿಗೇ ಕೂತು ತಪ್ಪಿದಲ್ಲೆಲ್ಲ ತಿದ್ದುತ್ತಿದ್ದುದರಿಂದ ಆ ಪಾಠವನ್ನೇ ಇಲ್ಲಿ ಅನುಸರಿಸಿದ್ದೇನೆ.

ಓಣಿಯ ಜನ ಅಂಗಳದಲ್ಲಿ ಚಾಪೆ ಹಾಸಿಕೊಂಡು ಕೂತಿದ್ದರು. ಅವರು ಕಥೆ ಕೇಳಲು ಬಂದವರಲ್ಲ. ಅಂದು ಆ ದಂಪತಿಗಳ ಎದುರುಕೂಟವಿತ್ತು, ಹಕ್ಕಿಗಳು ಬರುವುದಕ್ಕೆ ಇನ್ನೂ ಹೊತ್ತಿತ್ತು, ಕಾಯುವ ಬೇಸರ ಕಳೆಯಲೆಂದು ದಾಕ್ಷಾಯಣಮ್ಮ ಹೇಳತೊಡಗಿದರು. ನಿಂಬವ್ವನವರ ಮಡಿಲಲ್ಲಿ ಗೇಣುದ್ದದ ಎರಡು ಹಗ್ಗದ ತುಂಡುಗಳಿದ್ದವು. ಒಂದು ತೆಂಗಿನ ನಾರಿನದು, ಇನ್ನೊಂದು ಪುಂಡಿ ನಾರಿನದು. ಅವನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ನಡೆದೇ ಇತ್ತು. ಪಡುವಲ ಗೋಡೆಯ ಬುಡದಲ್ಲಿ ಸಾಲಾಗಿ ನಿಂತ ಭರಣಿಗಳ ಬಾಯಿಗೆ ಕೆಂಪು ಬಟ್ಟೆ ಬಿಗಿದಿತ್ತು. ಕೆಲವಕ್ಕೆ ತೆಂಗಿನ ನಾರಿನ ಹಗ್ಗ, ಕೆಲವಕ್ಕೆ ಪುಂಡಿಯದು. ಅದನ್ನು ಗಮನಿಸಿದೆ, ಕಾರಣ ಕೇಳಬೇಕೆಂದು ಹೊಳೆಯಲಿಲ್ಲ.

ಆ ಊರಿಗೆ ಹೊತ್ತು ಇಳಿಯುವಾಗ ಓರೆಹಕ್ಕಿಗಳು ಬರುತ್ತವೆ. ಅವು ಕಣ್ಣಿನ ಅಂಚಿಗೆ ಮಾತ್ರ ಕಾಣುವ ಹಕ್ಕಿಗಳು. ತಿರುಗಿ ನೇರ ನೋಡಿದರೆ ಗೋಡೆಯ ಗೂಟ ಬರಿದಾಗಿರುತ್ತದೆ. ಅವುಗಳ ಬಣ್ಣ ಯಾವುದೆಂದು ಕೇಳಿದ್ದಕ್ಕೆ, ಅಂಚಿನ ಕಣ್ಣಿಗೆ ಬಣ್ಣ ಎಲ್ಲಿ ತಿಳಿಯುತ್ತದೆ ಎಂದು ಊರಿನವರು ನನ್ನನ್ನೇ ಕೇಳಿದರು. ಕಾಳು ಹಾಕುವವರು ಮುಖ ಆಚೆ ಮಾಡಿ ಹಾಕುತ್ತಾರೆ. ಸಂಜೆಯ ಹೊತ್ತು ಯಾರಾದರೂ ನಿಮ್ಮೊಡನೆ ಮಾತನಾಡುತ್ತ ಎತ್ತಲೋ ನೋಡುತ್ತಿದ್ದರೆ ಅದು ಅಸಡ್ಡೆಯಲ್ಲ. ನಿಮ್ಮ ಭುಜದ ಮೇಲೊಂದು ಕೂತಿರುತ್ತದೆ, ಅದನ್ನು ಎಬ್ಬಿಸಬಾರದೆಂಬ ಮರ್ಯಾದೆ.

ಊರಿನ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಎದುರುಕೂಟಕ್ಕೆ ಕೂರಬೇಕು. ಇಬ್ಬರು ಮೊಳಕಾಲಿಗೆ ಮೊಳಕಾಲು ತಾಗುವಷ್ಟು ಹತ್ತಿರ ಎದುರುಬದುರಾಗಿ ಕೂತು, ಒಂದೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ತೆರೆದ ಕಣ್ಣಿನಿಂದ ಎದುರಿನವರ ತೆರೆದ ಕಣ್ಣನ್ನೇ ನೋಡಬೇಕು. ಒಂದು ಕಣ್ಣಿನ ಸರದಿ ಮುಗಿದ ಮೇಲೆ ಇನ್ನೊಂದರದು. ನೋಟ ಕದಲಕೂಡದು. ಅಕ್ಕಪಕ್ಕದ ಗೋಡೆಗಳ ಗೂಟಗಳ ಮೇಲೆ ಹಕ್ಕಿಗಳು ಒಂದೊಂದಾಗಿ ಬಂದು ಕೂರುತ್ತವೆ. ಕಂಡಾಗಲೆಲ್ಲ ಕೂತವರು ಕೈಯ ಗಂಟೆ ಆಡಿಸಬೇಕು. ಅದೇ ಹಕ್ಕಿ ಎದುರಿನವರ ಅಂಚಿಗೂ ಕಾಣುತ್ತಿರುತ್ತದೆ; ಹಕ್ಕಿ ಕೂತರೂ ಗಂಟೆ ಆಡಲಿಲ್ಲವೆಂದರೆ ಆ ಗೂಟಕ್ಕೆ ಒಂದು ಗುರುತು ಕಟ್ಟುತ್ತಾರೆ. ಗುರುತು ಕಟ್ಟಿಸಿಕೊಂಡವರು ಮರುದಿನವೇ ಕಣ್ಣಿನ ಡಾಕ್ಟರ ಬಳಿಗೆ ಹೋಗಬೇಕು. ನೋಟದ ಅಂಚನ್ನು ಸವೆಸುವ ಕಾಯಿಲೆಗೆ ನೋವಿಲ್ಲ, ಕೆಂಪೇರುವುದಿಲ್ಲ, ನೀರು ಸೋರುವುದಿಲ್ಲ. ಬಂದಿದೆಯೆಂದು ಹಕ್ಕಿಯೇ ಹೇಳಬೇಕು.

ಮದುವೆಯಾದವರಿಗೆ ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ ಎದುರು ಕೂರುವುದು ಆಗಿನ ಪದ್ಧತಿ. ಬೇರೆಯವರನ್ನು ಕೂರಿಸಿಕೊಳ್ಳುವುದೆಂದರೆ ಮನೆಯ ಸಾರಿಗೆ ಉಪ್ಪು ಸರಿಯಿದೆಯೇ ನೋಡಿ ಎಂದು ಬೀದಿಯವರನ್ನು ಕರೆದಂತೆ. ಮದುವೆಯಾದ ವರ್ಷ ಯಾರು ಯಾವ ದಿಕ್ಕಿಗೆ ಮುಖ ಮಾಡಿ ಕೂತರೋ ಕೊನೆಯವರೆಗೂ ಹಾಗೆಯೇ ಕೂರಬೇಕೆಂಬುದೂ ಇತ್ತು. ಕೊಟ್ರಪ್ಪನವರು ದಕ್ಷಿಣಕ್ಕೆ, ನಿಂಬವ್ವನವರು ಉತ್ತರಕ್ಕೆ. ಹಾಗಾಗಿ ಮೂಡಲ ಗೋಡೆ ಅವರಿಗೆ ಎಡಕ್ಕೆ ಬೀಳುತ್ತಿತ್ತು, ಇವರಿಗೆ ಬಲಕ್ಕೆ.

ಕೆಲಸದಲ್ಲಿಯೂ ಅವರಿಬ್ಬರ ದಿಕ್ಕು ಅದೇ. ನಿಂಬವ್ವ ಅಂಗಳದ ತೆಂಕಣ ತುದಿಯಲ್ಲಿ ರಾಟೆ ತಿರುಗಿಸುವುದು. ಕೊಟ್ರಪ್ಪ ಸೊಂಟಕ್ಕೆ ನಾರು ಸುತ್ತಿಕೊಂಡು, ಹುರಿಗೆ ನಾರು ಬಿಡುತ್ತ ಬಿಡುತ್ತ ಹಿಮ್ಮುಖವಾಗಿ ಬಡಗಣ ತುದಿಯವರೆಗೆ ನಡೆಯುವುದು. ಅವರ ಕಣ್ಣು ಬೆರಳಿನ ಮೇಲೆ, ಇವರ ಕಣ್ಣು ಹುರಿಯ ಮೇಲೆ. ನಡೆಯುವವರ ಹಿಂದೆ ಏನಿದೆಯೆಂಬುದನ್ನು ಇಬ್ಬರೂ ಅಂಚಿನಿಂದಲೇ ನೋಡಿಕೊಳ್ಳಬೇಕು. ದಾಕ್ಷಾಯಣಮ್ಮನವರ ಭರಣಿಗಳು ಆಗ ಮಧ್ಯಾಹ್ನದ ಬಿಸಿಲಿಗೆ ಅವರ ಪಾಲಿನ ಮೂಡಲ ಗೋಡೆಯ ಬುಡದಲ್ಲಿರುತ್ತಿದ್ದವು. ಗಂಡ ತೀರಿಕೊಂಡ ಮೇಲೆ ಆ ಭರಣಿಗಳೇ ಅವರ ಬದುಕು. ಹಗ್ಗದ ದಾರಿಗೂ ಭರಣಿಯ ಸಾಲಿಗೂ ನಡುವೆ ಒಬ್ಬರು ಓಡಾಡುವಷ್ಟು ಜಾಗವಿತ್ತು. ಎಷ್ಟೋ ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ.

ಮೊದಲು ಒಡೆದದ್ದು ಮಾವಿನ ಭರಣಿ. ಕೊಟ್ರಪ್ಪನವರ ಎಡಗಾಲ ಹಿಮ್ಮಡಿ ತಗುಲಿತು. ಈ ಮಾತಿಗೆ ಬಂದಾಗ ಕೊಟ್ರಪ್ಪನವರು ಚಾಪೆಯ ಮೇಲಿಂದಲೇ, ಅದು ಹಿಮ್ಮಡಿಯಲ್ಲ, ಮೊಣಕೈ ಎಂದರು. ಹಾಗಿದ್ದರೆ ಭರಣಿ ಎದ್ದು ನಿಂತುಕೊಂಡಿತ್ತೇನೋ ಎಂದು ದಾಕ್ಷಾಯಣಮ್ಮ ಕೇಳಿ ಮುಂದುವರಿಸಿದರು. ಆ ಮೊದಲ ಸಲ ಜಗಳವಾಗಲಿಲ್ಲ. ಎರಡನೆಯ ಸಲ ನೆಲ್ಲಿಕಾಯಿ ಹೋಯಿತು. ಆಗ ದಾಕ್ಷಾಯಣಮ್ಮ ಬಾಗಿಲಿಗೆ ಬಂದು, ಹಿಂದೆ ನಡೆಯುವವನಿಗೆ ಕಾಣದಿದ್ದರೆ ಹೋಗಲಿ, ಎದುರಿಗೆ ರಾಟೆ ಹಿಡಿದವಳು ಬಾಯಲ್ಲಿ ಏನು ಇಟ್ಟುಕೊಂಡಿದ್ದಳು ಎಂದು ಕೇಳಿದರು. ನಿಂಬವ್ವನಿಗೆ ಅದು ನಾಟಿತು. ತನಗೆ ಭರಣಿ ಕಂಡಿದ್ದರೆ ತಾನೇ ಕೂಗುವುದು. ಕಂಡಿಲ್ಲವೆಂದರೆ ಭರಣಿ ಅಲ್ಲಿರಲಿಲ್ಲ. ಅಲ್ಲಿರಲಿಲ್ಲವೆಂದರೆ ಯಾರೋ ಬೇಕೆಂದೇ ದಾರಿಗೆ ತಂದಿಟ್ಟಿದ್ದಾರೆ. ಗಂಡಹೆಂಡತಿ ಕೂತು ಹೀಗೆ ತರ್ಕ ಮಾಡಿದರು.

ಅದೇ ತಿಂಗಳು ಅವರ ಎದುರುಕೂಟ ಬಂತು. ಗಂಡ ಹೆಂಡತಿಯ ಕಣ್ಣು ನೋಡಿದರು, ಹೆಂಡತಿ ಗಂಡನ ಕಣ್ಣು ನೋಡಿದರು. ಪಡುವಲ ಗೋಡೆಯ ಹಕ್ಕಿಗಳಿಗೆಲ್ಲ ಗಂಟೆ ಆಡಿತು. ಮೂಡಲ ಗೋಡೆಯ ಮೇಲೆ ಇಬ್ಬರಿಗೂ ಒಂದು ಹಕ್ಕಿಯೂ ಕಾಣಲಿಲ್ಲ. ಇಬ್ಬರಿಗೂ ಕಾಣದ್ದು ಬಂದೇ ಇಲ್ಲವೆಂದು ಎಣಿಸದೆ ಇನ್ನೇನು ಮಾಡುತ್ತಾರೆ? ನಿನ್ನ ಕಣ್ಣಿಗೆ ಏನೂ ಆಗಿಲ್ಲವೆಂದು ಒಬ್ಬರಿಗೊಬ್ಬರು ಸಮಾಧಾನದಿಂದ ಹೇಳಿಕೊಂಡು ಎದ್ದರು. ಹಕ್ಕಿ ಯಾಕೆ ಬರಲಿಲ್ಲವೆಂಬುದಕ್ಕೆ ಕಾರಣವೂ ಕಣ್ಣೆದುರಿಗೇ ಇತ್ತು: ಭರಣಿಗಳ ಸಾಸಿವೆ ಘಾಟು.

ಆ ಊರಿನಲ್ಲಿ ಒಬ್ಬರ ಗೋಡೆಗೆ ಓರೆಹಕ್ಕಿ ಬರುವುದಿಲ್ಲ ಎನ್ನುವುದು ಸಣ್ಣ ಮಾತಲ್ಲ. ಹೆಣ್ಣು ಕೇಳಲು ಬಂದವರು ಕೂಡ ಮೊದಲು ಗೂಟಗಳತ್ತ ಓರೆಗಣ್ಣು ಹಾಯಿಸುತ್ತಾರೆ. ದಾಕ್ಷಾಯಣಮ್ಮನಿಗೆ ಈ ಸುದ್ದಿ ಕೊಳಾಯಿಯ ಬಳಿ ಮುಟ್ಟಿತು. ಅವರು ಅಂದಿನಿಂದ ಪಕ್ಕದ ಮನೆಗೆ ಉಪ್ಪಿನಕಾಯಿ ಕಳುಹಿಸುವುದನ್ನು ನಿಲ್ಲಿಸಿದರು, ಮಾತನ್ನೂ ನಿಲ್ಲಿಸಿದರು. ಆಮೇಲೆ ಭರಣಿ ಒಡೆದಾಗಲೆಲ್ಲ ಚೂರುಗಳನ್ನು ಆರಿಸಿ ಕೊಟ್ರಪ್ಪನವರ ಹೊಸ್ತಿಲ ಪಕ್ಕ ಅಚ್ಚುಕಟ್ಟಾಗಿ ಜೋಡಿಸಿಟ್ಟು ಬರುತ್ತಿದ್ದರು. ಇಲ್ಲಿ ನಿಂಬವ್ವ ನನ್ನ ಕಡೆ ತಿರುಗಿ, ಮಾತು ಬಿಟ್ಟದ್ದಕ್ಕಿಂತ ಆ ಮನುಷ್ಯನಿಗೆ ಉಪ್ಪಿನಕಾಯಿ ಇಲ್ಲದ ಅನ್ನ ಇಳಿಸಿದ್ದೇ ತನಗೆ ದೊಡ್ಡ ಕಷ್ಟವಾಯಿತು ಎಂದು ಸೇರಿಸಿದರು.

ಮುಂದಿನ ವರ್ಷದ ಎದುರುಕೂಟದ ಹೊತ್ತಿಗೆ ನಿಂಬವ್ವನವರಿಗೆ ಮಂಡಿನೋವು ಬಂದಿತ್ತು. ಬೆನ್ನಿಗೆ ಆಸರೆಯಿಲ್ಲದೆ ಕೂರುವುದು ಆಗುತ್ತಿರಲಿಲ್ಲ. ಒರಗಲು ಕಂಬವಿದ್ದದ್ದು ಗಂಡ ಕೂರುವ ಕಡೆ. ಜಾಗ ಬಿಡಿ ಎಂದರೆ ಕೊಟ್ರಪ್ಪನವರು ಪದ್ಧತಿಯ ಮಾತು ತೆಗೆದರು. ಪದ್ಧತಿ ಬಂದು ನನ್ನ ಮಂಡಿ ಒತ್ತುತ್ತದೆಯೇ ಎಂದು ನಿಂಬವ್ವ ಕೇಳಿದರು. ಗೊಣಗುತ್ತ ಎದ್ದು ಅವರು ಉತ್ತರಕ್ಕೆ ಮುಖ ಮಾಡಿ ಕೂತರು, ಇವರು ಕಂಬಕ್ಕೆ ಒರಗಿ ದಕ್ಷಿಣಕ್ಕೆ. ಹಕ್ಕಿಗಳು ಬರತೊಡಗಿದವು. ಮೂಡಲ ಗೋಡೆಯ ಗೂಟಗಳೆಲ್ಲ ತುಂಬಿದವು. ಇಬ್ಬರ ಗಂಟೆಯೂ ನಿಲ್ಲದೆ ಆಡಿತು.

ಕೊಟ್ರಪ್ಪನವರಿಗೆ ಆದ ಸಂತೋಷ ದೊಡ್ಡದು, ಆದ ನಾಚಿಕೆ ಅದಕ್ಕಿಂತ ದೊಡ್ಡದು. ಕೂಟ ಮುಗಿದದ್ದೇ ಬಾವಿಗೆಂದು ಹೊಸೆದಿಟ್ಟಿದ್ದ ಹೊಸ ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಹೋಗಿ ದಾಕ್ಷಾಯಣಮ್ಮನವರ ಬಾಗಿಲಲ್ಲಿ ನಿಂತರು.

"ಅಕ್ಕ, ತಪ್ಪಾಯ್ತು. ನಿನ್ನ ಗೋಡೆಗೆ ಹಕ್ಕಿ ತಿರುಗಿ ಬಂದವೆ."

"ಹೋಗಿದ್ದು ಯಾವಾಗ? ದಿನಾ ಸಂಜೆ ಇದೇ ಬಾಗ್ಲಲ್ಲಿ ನಿಂತು ನೋಡ್ತೀನಿ. ಒಂದಿನಾನೂ ತಪ್ಪಿಸಿಲ್ಲ ಅವು."

 ಕೊಟ್ರಪ್ಪನವರ ತಲೆಯಲ್ಲಿ ಆಗಲೇ ಇನ್ನೊಂದು ಕಷ್ಟ ಹೊಕ್ಕಿತ್ತು. ಇಂದು ಪಡುವಲ ಗೋಡೆ ಪೂರ್ತಿ ಖಾಲಿ. ಆ ಗೋಡೆಯಾಚೆ ದರ್ಜಿ ಫಕೀರಪ್ಪ ಹೊಸದಾಗಿ ಹೊಲಿಗೆ ಯಂತ್ರ ತಂದಿದ್ದ. ಅದರ ಕಟಕಟಕ್ಕೆ ಹಕ್ಕಿ ಹೆದರಿವೆ, ಈಗಲೇ ಹೋಗಿ ಒಂದು ಮಾತು ಹೇಳಿ ಬರುತ್ತೇನೆ ಎಂದು ಟವೆಲು ಕೊಡವಿ ಹೊರಟರು. ಇದನ್ನು ಹೇಳುವಾಗ ಚಾಪೆಯ ಕೊನೆಯಲ್ಲಿದ್ದ ಫಕೀರಪ್ಪನವರು, ಬಂದಿದ್ದರೆ ಕತ್ತರಿ ಕೈಯಲ್ಲೇ ಇತ್ತು ಎಂದರು. ಓಣಿಯೆಲ್ಲ ನಕ್ಕಿತು. ಕೊಟ್ರಪ್ಪನವರೂ ನಕ್ಕರು.

ಅವರನ್ನು ತಡೆದದ್ದು ಕಂಬಕ್ಕೆ ಒರಗಿ ಕೂತೇ ಇದ್ದ ನಿಂಬವ್ವ. ಕೂಗಲಿಲ್ಲ, ಮೆಲ್ಲಗೆ ಹೇಳಿದರಂತೆ.

"ಏನ್ರೀ, ಸ್ವಲ್ಪ ನಿಂತ್ಕಳ್ರಿ. ಹಕ್ಕಿ ಆ ಗೋಡೆ ಬಿಟ್ಟು ಈ ಗೋಡೆಗೆ ಹೋಗಿಲ್ಲ. ಎದ್ದು ಜಾಗ ಬದಲಾಯಿಸಿದ್ದು ನಾವು. ಆ ಖಾಲಿ ನಮ್ ಜತೆಗೇ ಎದ್ದು ಬಂದೈತೆ. ಅದು ಗೋಡೇದಲ್ಲ."

ಕೊಟ್ರಪ್ಪನವರಿಗೆ ಮಾತು ಅರ್ಥವಾಯಿತು, ಒಪ್ಪಿಗೆಯಾಗಲಿಲ್ಲ. ಹೆಂಡತಿ ವರ್ಷ ವರ್ಷವೂ ನಿಮ್ಮ ಕಣ್ಣು ಚೆನ್ನಾಗಿದೆ ಎಂದು ಹೇಳುತ್ತ ಬಂದಿದ್ದಳು. ಅದನ್ನೇ ನಂಬಿ ಅವರು ಬೆನ್ನು ತಿರುಗಿಸಿ ನಡೆದವರು. ಈಗ ಕಣ್ಣು ಕೆಟ್ಟಿದೆ ಎಂದು ಒಪ್ಪಿದರೆ ಅವಳ ಮಾತು ಸುಳ್ಳೆಂದು ಒಪ್ಪಿದಂತಾಗುತ್ತದೆ. ಒಪ್ಪದಿದ್ದರೆ ಉಳಿದ ನೋಟವೂ ಸದ್ದಿಲ್ಲದೆ ಸವೆಯುತ್ತದೆ. ಹಾಗೆ ಸವೆಸಿಕೊಂಡು ಬೇರೆಯವರ ಕೈಹಿಡಿದು ನಡೆಯುವವರನ್ನು ಆ ಊರು ಕಂಡಿತ್ತು.

"ಒಂದು ಹಕ್ಕೀನೂ ತಪ್ಪಿಲ್ಲ ಅಂತ ಹೋದ ವರ್ಷ ನೀನೇ ಅಲ್ಲೇನೇ ಹೇಳಿದ್ದು?"

"ನಂಗೆ ಕಂಡಿದ್ರಲ್ಲಿ ಒಂದೂ ತಪ್ಪಿರಲಿಲ್ಲ. ಸುಳ್ಳು ಹೇಳಿಲ್ಲ ನಾನು. ನಿಮಗೆಲ್ಲಿ ಕಾಣಲ್ವೋ ನಂಗೂ ಅಲ್ಲೇ ಕಾಣ್ತಿರಲಿಲ್ಲ."

ಆಮೇಲೆ ನಿಂಬವ್ವ ದಾಕ್ಷಾಯಣಮ್ಮನ ಕಡೆ ನೋಡಿದರು. ವರ್ಷದಿಂದ ನೋಡಿರಲಿಲ್ಲ. "ಅಕ್ಕ, ಇನ್ನೂ ಬೆಳಕೈತೆ. ಬಂದು ನನ್ನೆದುರು ಕೂತ್ಕ."

ತಾನಿನ್ನೂ ಬದುಕಿರುವಾಗ ಹೆಂಡತಿ ಹೊರಗಿನವರೆದುರು ಕೂರುವುದೇ ಎಂದು ಕೊಟ್ರಪ್ಪನವರು ಮುಖ ಕೆಂಪಗೆ ಮಾಡಿಕೊಂಡು ಹಗ್ಗದ ಸುರುಳಿಯನ್ನು ಹೆಗಲಿಂದ ಇಳಿಸದೆ ಅಂಗಳದ ಮಧ್ಯೆ ನಿಂತರು. ದಾಕ್ಷಾಯಣಮ್ಮ ಚೂರು ಜೋಡಿಸಿಟ್ಟ ದಿನಗಳನ್ನು ನೆನೆದು ಒಂದು ಗಳಿಗೆ ತಡೆದರು; ಅವರು ನನಗೆ ಹಾಗೆಯೇ ಹೇಳಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕೊಟ್ರಪ್ಪನವರ ಜಾಗದಲ್ಲಿ ಹೋಗಿ ಕೂತರು.

ಈ ಘಟ್ಟವನ್ನು ಬೇರೆಯವರು ಬೇಗ ದಾಟಿಬಿಡುತ್ತಾರೆ. ದಾಕ್ಷಾಯಣಮ್ಮ ಇಲ್ಲಿ ನಿಧಾನಿಸಿದರು. ಅವರಿಗೆ ಅಂಚಿನಲ್ಲಿ ಎರಡೂ ಗೋಡೆಗಳು ಕಾಣುತ್ತಿದ್ದವು. ಮೂಡಲ ಕಡೆ ಹಕ್ಕಿ ಕೂತಿತು, ಗಂಟೆ ಆಡಿತು. ಮತ್ತೊಂದು ಕೂತಿತು, ಆಡಿತು. ಆಮೇಲೆ ಕಣ್ಣು ಬದಲಿಸಿ ನಿಂಬವ್ವ ಬಲಗಣ್ಣು ತೆರೆದರು. ಪಡುವಲ ಕಡೆ ಒಂದು ಹಕ್ಕಿ ಬಂದು ಗೂಟದ ಮೇಲೆ ಕೂತು ರೆಕ್ಕೆ ಬಡಿಯಿತು. ಗಂಟೆ ಆಡಲಿಲ್ಲ. ಅದರ ಪಕ್ಕ ಇನ್ನೊಂದು ಬಂತು. ಗಂಟೆ ನಿಂಬವ್ವನ ಕೈಯಲ್ಲಿ ಸುಮ್ಮನಿತ್ತು. ತಾನು ಒಂದೇ ಒಂದು ಸಲ ಆ ಕಡೆಗೆ ಕಣ್ಣು ಹೊರಳಿಸಿದರೆ ಇವಳಿಗೂ ಸುಳಿವು ಸಿಗುತ್ತದೆ, ಗಂಟೆ ಆಡಿಸುತ್ತಾಳೆ ಎಂದು ಆಸೆಯಾಯಿತಂತೆ. ಹೊರಳಿಸಿದರೆ ಹಕ್ಕಿಯೇ ಇರುವುದಿಲ್ಲ. ಹಾಗಾಗಿ ನೋಡುತ್ತ ಕೂತೆ ಎಂದರು.

"ಗಂಟೆ ಯಾರಿಗೆ ಬೇಕಿತ್ತು," ಎಂದರು ನಿಂಬವ್ವ, ಮಡಿಲ ಹಗ್ಗದಿಂದ ಕಣ್ಣೆತ್ತದೆ. "ನಿನ್ನ ಕಣ್ಣಲ್ಲಿ ನೀರು ತುಂಬಿದಾಗಲೇ ನಂಗೆ ಹಕ್ಕಿ ಕಾಣಿಸ್ತು."

ಮುಂದಿನದು ಕೊಟ್ರಪ್ಪನವರ ಸರದಿ. ಯಾರೂ ಕರೆಯಲಿಲ್ಲ. ಹೆಗಲ ಹಗ್ಗ ಇಳಿಸಿಟ್ಟು ತಾವೇ ಬಂದು ಕಂಬದ ಬುಡದಲ್ಲಿ ಕೂತರು. ನಿಂಬವ್ವನಿಗೆ ಮೌನವಾಗಿದ್ದ ಪಡುವಲ ಗೂಟಗಳಿಗೆ ಅವರ ಗಂಟೆ ಚೆನ್ನಾಗಿ ಆಡಿತು. ನಿಂಬವ್ವನಿಗೆ ಆಡಿದ ಮೂಡಲ ಗೂಟಗಳಿಗೆ ಅವರ ಎಡಗಣ್ಣಿನ ಗಂಟೆ ಸುಮ್ಮನಿತ್ತು. ಗುರುತಿಗೆ ಬೇರೇನೂ ಸಿಗದೆ ಹಗ್ಗದ ತುಂಡುಗಳನ್ನೇ ಕಟ್ಟಿದರು: ಕೊಟ್ರಪ್ಪನವರದಕ್ಕೆ ತೆಂಗಿನ ನಾರು, ನಿಂಬವ್ವನದಕ್ಕೆ ಪುಂಡಿ.

ಡಾಕ್ಟರು ಹೇಳಿದ್ದು ಚಿಕ್ಕದಾಗಿತ್ತು. ಕಣ್ಣಿನ ಒಳಗೆ ಒತ್ತಡ ಏರಿದೆ, ನೋಟವನ್ನು ಒಳಕ್ಕೆ ಒಯ್ಯುವ ನರ ಅಂಚಿನಿಂದ ಒಣಗುತ್ತ ಬಂದಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು, ಬೆಳಿಗ್ಗೆ ಸಂಜೆ ತಪ್ಪದೆ ಹನಿ ಹಾಕಿಕೊಂಡರೆ, ಬದುಕಿರುವವರೆಗೂ. ತಮ್ಮ ಕಣ್ಣಿಗೆ ತಾವೇ ಹಾಕಿಕೊಂಡರೆ ಔಷಧ ಕೆನ್ನೆಗೆ ಇಳಿಯುತ್ತದೆಂದು ಒಬ್ಬರಿಗೊಬ್ಬರು ಹಾಕುತ್ತಾರೆ. ಹಾಕಿಕೊಂಡಿರಾ ಎಂದು ದಾಕ್ಷಾಯಣಮ್ಮ ಬಾಗಿಲಿನಿಂದ ಕೂಗುತ್ತಾರೆ. ಹಾಕಿಕೊಂಡಾಯಿತೆಂದು ಇವರು ಕೂಗುವವರೆಗೆ ಒಳಗೆ ಹೋಗುವುದಿಲ್ಲ.

ಹಗ್ಗದ ಕೆಲಸ ಬಿಡಬೇಕಾದೀತೆಂದು ಕೊಟ್ರಪ್ಪನವರು ಅಂಜಿದ್ದರು. ಬಿಡಬೇಕಾಗಲಿಲ್ಲ. ದಾಕ್ಷಾಯಣಮ್ಮ ಭರಣಿಗಳನ್ನೆಲ್ಲ ಪಡುವಲ ಗೋಡೆಗೆ ಸಾಗಿಸಿದರು. ಕೊಟ್ರಪ್ಪನವರು ಮೂಡಲ ಗೋಡೆಗೆ ಎಡ ಮೊಣಕೈ ತಾಗಿಸಿಕೊಂಡು ಹಿಮ್ಮುಖ ನಡೆಯುತ್ತಾರೆ. ಕಾಣದ ಕಡೆ ಗೋಡೆಯೇ ಇದ್ದರೆ ಕಾಣಬೇಕಾದದ್ದೇನೂ ಇಲ್ಲ. ಗೋಡೆಯ ಸುಣ್ಣದ ಮೇಲೆ ಮೊಣಕೈಯ ಎತ್ತರಕ್ಕೆ ಸವೆದ ಗೆರೆಯನ್ನು ನಾನು ನೋಡಿದ್ದೇನೆ. ಎಳೆಬಿಸಿಲಿಗೆ ಬಂದ ಮೇಲೆ ಉಪ್ಪಿನಕಾಯಿಯ ರುಚಿ ಏರಿತೆಂದೂ ಅದರ ಯಶಸ್ಸು ತಮಗೆ ಸೇರಬೇಕೆಂದೂ ಕೊಟ್ರಪ್ಪನವರ ವಾದ. ಮೊದಲಿನ ರುಚಿಗೆ ಏನಾಗಿತ್ತು ಎಂದು ದಾಕ್ಷಾಯಣಮ್ಮನ ಪ್ರಶ್ನೆ. ಈ ಜಗಳ ಇನ್ನೂ ಮುಗಿದಿಲ್ಲ. ಊರಿನ ಪದ್ಧತಿಯೂ ಒಂದಿಷ್ಟು ಬದಲಾಯಿತು. ಈಗ ಅಲ್ಲಿ ದಂಪತಿಗಳು ಒಮ್ಮೆ ಕೂತ ಮೇಲೆ ಎದ್ದು ಜಾಗ ಬದಲಿಸಿ ಮತ್ತೊಮ್ಮೆ ಕೂರುತ್ತಾರೆ, ಆಮೇಲೆ ನೆರೆಯವರೊಬ್ಬರನ್ನು ಕರೆದು ಎದುರು ಕೂರಿಸಿಕೊಳ್ಳುತ್ತಾರೆ. ಯಾಕೆ ಹೀಗೆ ಎಂದು ಕೇಳಿದವರಿಗೆ ಈ ಕಥೆ ಹೇಳುತ್ತಾರೆ. ನಾನೂ ಹಾಗೆ ಕೇಳಿಯೇ ಅಂದು ಆ ಅಂಗಳಕ್ಕೆ ಬಂದವನು.

ಕಥೆ ಇಲ್ಲಿಗೆ ಬಂದಾಗ ಹಕ್ಕಿಗಳ ಹೊತ್ತಾಗಿತ್ತು. ಎಲ್ಲರೂ ನೋಟವನ್ನು ಕಂಬದ ಮೇಲೆ ಇಟ್ಟರು. ನಾನೂ ಇಟ್ಟೆ. ನನ್ನ ಎರಡೂ ಅಂಚಿನಲ್ಲಿ ಏನೋ ಮೆತ್ತಗೆ ತುಂಬಿಕೊಳ್ಳತೊಡಗಿತು. ದಾಕ್ಷಾಯಣಮ್ಮ ಎದ್ದು ಹೋಗಿ ಕಂಬಕ್ಕೆ ಎದುರಾಗಿ ಕೂತರು. ಮೊದಲು ನಿಂಬವ್ವ ಹೋದರು. ಹೋಗುವಾಗ ಹಗ್ಗದ ತುಂಡುಗಳನ್ನು ಗಂಡನ ಕೈಗೆ ಕೊಟ್ಟರು. ಹಳೆಯ ಗುರುತುಗಳು ಗೂಟಗಳ ಮೇಲೆ ಬಣ್ಣಗೆಟ್ಟು ನೇತಾಡುತ್ತಿದ್ದವು. ಆ ಗೂಟಗಳಿಗೆ ಗಂಟೆ ಆಡುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಕೇಳಬೇಕಾಗಿದ್ದದ್ದು ಅವುಗಳ ಪಕ್ಕದ ಬರಿಯ ಗೂಟದ ಗಂಟೆ; ಅದೂ ಆಡದಿದ್ದರೆ ಸವೆತ ಮುಂದೆ ಸರಿದಿದೆಯೆಂದು ಅರ್ಥ. ಅದು ಸ್ವಲ್ಪ ತಡೆಯಿತು.  ಆಮೇಲೆ ಆಡಿತು. ಕೊಟ್ರಪ್ಪನವರ ಸರದಿಯಲ್ಲಿ ಅದು ತಡೆಯಲೇ ಇಲ್ಲ. ಹಕ್ಕಿ ಕೂರುವ ಮೊದಲೇ ಆಡಿಸಿದ ಹಾಗಿತ್ತು ಎಂದು ದಾಕ್ಷಾಯಣಮ್ಮ ಗದರಿಸಿ ಮತ್ತೊಮ್ಮೆ ನೋಡಿದರು. ಸರಿಯಾಗಿಯೇ ಇತ್ತು. ಹೊಸ ಗುರುತು ಯಾವುದಕ್ಕೂ ಬೇಕಾಗಲಿಲ್ಲ.

ದಾಕ್ಷಾಯಣಮ್ಮ ಕೊಟ್ರಪ್ಪನವರ ಮುಂದೆ ಕೈ ಚಾಚಿದರು. ಅವರು ಆ ಎರಡು ತುಂಡುಗಳನ್ನು ಕೊಟ್ಟರು. ದಾಕ್ಷಾಯಣಮ್ಮ ಭರಣಿಯ ಸಾಲಿನ ಕೊನೆಗೆ ಹೋಗಿ, ಇನ್ನೂ ಬಾಯಿ ಕಟ್ಟದಿದ್ದ ಎರಡು ಭರಣಿಗಳಿಗೆ ಕೆಂಪು ಬಟ್ಟೆ ಹೊದಿಸಿ, ಒಂದಕ್ಕೆ ತೆಂಗಿನ ನಾರಿನದನ್ನೂ ಇನ್ನೊಂದಕ್ಕೆ ಪುಂಡಿಯದನ್ನೂ ಬಿಗಿದು ಗಂಟು ಹಾಕಿದರು. ಆಗ ನಾನು ಆ ಸಾಲನ್ನು ಮತ್ತೊಮ್ಮೆ ಮೊದಲಿನಿಂದ ಕೊನೆಯವರೆಗೆ ನೋಡಿದೆ: ಗೂಟಕ್ಕೆ ಬೇಡವಾದ ವರ್ಷ ವರ್ಷದ ತುಂಡುಗಳು.

ಜನ ಎದ್ದರು. ಚಾಪೆ ಕೊಡವಿದರು, ಸುತ್ತಿದರು. ಕೊಟ್ರಪ್ಪನವರಿಗೆ ಬರುತ್ತೇವೆ ಎನ್ನುವವರು ಸುತ್ತು ಹಾಕಿ ಅವರ ಬಲಕ್ಕೆ ಬಂದು ಹೇಳಿದರು, ನಿಂಬವ್ವನಿಗೆ ಹೇಳುವವರು ಎಡಕ್ಕೆ ಬಂದರು. ನಾನು ಅರಿಯದೆ ನಿಂಬವ್ವನ ಬಲಗಡೆ ನಿಂತು ಕೈಮುಗಿದಿದ್ದೆ. ಫಕೀರಪ್ಪನವರು ನನ್ನ ತೋಳು ಹಿಡಿದು ಈಚೆಗೆ ಕರೆತಂದರು. ನಿಂಬವ್ವ ನೋಡಿ ನಕ್ಕು, ಹೋಗಿ ಬನ್ನಿ ಮೇಷ್ಟ್ರೇ ಎಂದರು. ಹಿಂದಿನಿಂದ ದಾಕ್ಷಾಯಣಮ್ಮ ಬಾಗಿಲಲ್ಲಿ ನಿಂತು ಕೂಗಿದ್ದು, ಹಾಕಿಕೊಂಡೆವೆಂದು ಇವರು ಒಳಗಿನಿಂದ ಕೂಗಿದ್ದು ಓಣಿಯ ತಿರುವಿನವರೆಗೂ ಕೇಳಿಸಿತು. ಅಲ್ಲಿಂದ ಎಲ್ಲರೂ ಅವರವರ ಮನೆಗೆ ಹೋದರು.